ಒಂದೊಂದೇ ರಾಯರು

ಎರಡೂ ಕಾಲು ಒಟ್ಟಿಗೆ ಬರಿದಾಗಿರುವುದನ್ನು ಅವರಲ್ಲಿ ನಾನೆಂದೂ ಕಂಡಿಲ್ಲ. ನಮ್ಮ ಕಚೇರಿಯ ಯಂತ್ರದ ಕೋಣೆಗೆ ಬೂಟು ಮೆಟ್ಟಿಕೊಂಡು ಹೋಗುವಂತಿರಲಿಲ್ಲ. ಧೂಳಿನ ಭಯಕ್ಕೆ ಬಾಗಿಲ ಬಳಿ ರಬ್ಬರ್ ಚಪ್ಪಲಿಗಳ ಸಾಲೊಂದನ್ನು ಇಟ್ಟಿದ್ದೆವು. ಉಳಿದವರೆಲ್ಲ ಬೂಟುಗಳನ್ನು ಕಾಲಿನಿಂದಲೇ ಒದ್ದು ಕಳಚಿ, ಸಿಕ್ಕ ಚಪ್ಪಲಿ ತೂರಿಸಿಕೊಂಡು ಒಳಗೆ ನುಗ್ಗುತ್ತಿದ್ದರೆ, ಇವರು ಮಾತ್ರ ಎಡಗಾಲಿನ ಬೂಟು ಬಿಚ್ಚಿ, ಆ ಕಾಲನ್ನು ಚಪ್ಪಲಿಯೊಳಗೆ ಇಳಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ನೆಲ ತಮ್ಮನ್ನು ಒಪ್ಪಿಕೊಂಡಿತೋ ಇಲ್ಲವೋ ಎಂದು ಕಾಯುವವರಂತೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಆಮೇಲೆಯೇ ಬಲಗಾಲಿನ ದಾರಕ್ಕೆ ಬಾಗುತ್ತಿದ್ದರು. ನಡಿಗೆಯೂ ಅದೇ ಜಾಡಿನದು. ಹಿಂದಿನ ಹೆಜ್ಜೆ ಪೂರ್ತಿ ಊರಿದ ಮೇಲಲ್ಲದೆ ಮುಂದಿನದು ಏಳುತ್ತಿರಲಿಲ್ಲ. ಓಣಿಯಲ್ಲಿ ಅವರು ಬರುತ್ತಿದ್ದರೆ ಯಾರೋ ದೊಡ್ಡ ಕಪಾಟನ್ನು ಮೂಲೆ ಮೂಲೆಯಾಗಿ ಸರಿಸಿಕೊಂಡು ಬರುತ್ತಿದ್ದಾರೇನೋ ಎನ್ನಿಸುತ್ತಿತ್ತು.

ಮೈಮೇಲೊಂದು ಕಂದು ಕೋಟು. ಅದರ ಗುಂಡಿಗಳು ಒಂದೊಂದೂ ಒಂದೊಂದು ಕಾಲದವು, ತೋಳೆರಡು ಒಂದೇ ಬಟ್ಟೆಯವಲ್ಲ, ಕಾಲರು ಇನ್ನೂ ಈಚಿನದು. ಹರಿದದ್ದನ್ನು ಹರಿದ ಹಾಗೆ, ಅದೂ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸುತ್ತ ಬಂದ ಕೋಟು ಅದು. ಎಷ್ಟು ವರ್ಷದ ಕೋಟು ಎಂದು ನಮ್ಮ ಮ್ಯಾನೇಜರು ಒಮ್ಮೆ ತಮಾಷೆಗೆ ಕೇಳಿದಾಗ, ತಮಾಷೆಯ ಗಂಧವೇ ಇಲ್ಲದೆ, "ಯಾವ ಭಾಗದ್ದು ಕೇಳ್ತಿದೀರಿ ಸಾರ್?" ಎಂದು ತಿರುಗಿ ಕೇಳಿದ್ದರು. ಏನು ಹೇಳಿದರೂ "ಒಂದೊಂದೇ, ಒಂದೊಂದೇ" ಎಂದು ಅಂಗೈ ಅಡ್ಡ ಹಿಡಿಯುವ ಅವರಿಗೆ ನಮ್ಮ ಕಚೇರಿ ಒಂದೊಂದೇ ರಾಯರು ಎಂದು ಹೆಸರಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ.

ನಮ್ಮದು ಅಚ್ಚಿನಿಂದ ಮರೆಯಾದ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಕಾದಿಡುವ ಸಂಸ್ಥೆ, ನಾನಲ್ಲಿ ಸಂಪಾದಕ. ಆ ಚಿತ್ರಗಳೆಲ್ಲ ಇದ್ದದ್ದು ರೇಡ್ ಪೆಟ್ಟಿಗೆ ಎಂದು ನಾವು ಕರೆಯುತ್ತಿದ್ದ, ನಾಲ್ಕು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರದ ಕಪ್ಪು ಸಾಧನದಲ್ಲಿ. ಅದರ ಮುಖದಲ್ಲಿ ನಾಲ್ಕು ಖಾನೆ, ಖಾನೆಗೊಂದು ಡಿಸ್ಕು, ಡಿಸ್ಕಿಗೊಂದು ಹಸಿರು ದೀಪ. ಒಂದು ದಿನ ಪೆಟ್ಟಿಗೆ ತುಂಬಿಹೋಯಿತು. ಹೊಸ ಪುಟ ಸೇರಿಸಹೋದರೆ ಜಾಗವಿಲ್ಲ ಎಂಬ ಉತ್ತರ. ಕಾದಿಡುವುದೇ ಕಸುಬಾದವರು ಯಾವುದನ್ನು ಅಳಿಸೋಣ ಎಂದು ಕೂತು ಚರ್ಚಿಸುವ ಪರಿಸ್ಥಿತಿ ಬಂದಾಗ, ಮ್ಯಾನೇಜರು ಎಲ್ಲೋ ವಿಚಾರಿಸಿ ಇವರನ್ನು ಕರೆಸಿದರು.

ಬಂದವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ನೋಡಿ, ಅಳಿಸುವುದೇನೂ ಬೇಡ, ಡಿಸ್ಕುಗಳನ್ನು ದೊಡ್ಡವು ಮಾಡೋಣ ಎಂದರು. ಅವರ ವಿವರಣೆಯನ್ನು ನಾನು ತಿಳಿದುಕೊಂಡದ್ದು ಇಷ್ಟು: ನಾಲ್ಕು ಡಿಸ್ಕುಗಳೂ ತಂತಮ್ಮ ಪಾಲನ್ನಷ್ಟೇ ಹೊತ್ತಿರುವುದಿಲ್ಲ, ಉಳಿದವುಗಳ ಲೆಕ್ಕವನ್ನೂ ಒಂದಿಷ್ಟು ಇಟ್ಟುಕೊಂಡಿರುತ್ತವೆ. ಒಂದನ್ನು ಹೊರಗೆಳೆದರೆ, ಅದರಲ್ಲಿ ಏನಿತ್ತೆಂಬುದನ್ನು ಮಿಕ್ಕ ಮೂರು ಸೇರಿ ಲೆಕ್ಕ ಹಾಕಿ ಹೇಳಬಲ್ಲವು. ಆ ಖಾನೆಗೆ ದೊಡ್ಡದೊಂದು ಖಾಲಿ ಡಿಸ್ಕನ್ನು ಕೂರಿಸಿದರೆ, ಹೋದದ್ದಕ್ಕೆ ಗೊತ್ತಿದ್ದುದನ್ನೆಲ್ಲ ಈ ಮೂರು ಬಂದದ್ದಕ್ಕೆ ಕಲಿಸುತ್ತವೆ. ಹೆಚ್ಚುಕಡಿಮೆ ಒಂದು ಹಗಲು ರಾತ್ರಿಯ ಕಲಿಕೆ. ದೀಪ ಹಸಿರಾದ ಮೇಲೆ ಮುಂದಿನದರ ಸರದಿ. ಕಲಿಕೆಯ ನಡುವೆ ಅಪ್ಪಿತಪ್ಪಿ ಎರಡನೆಯದು ಹೊರಬಂದರೆ ಎಲ್ಲವೂ ಹೋಯಿತು. ಮತ್ತೆ, ನಾಲ್ಕರಲ್ಲಿ ಒಂದೇ ಒಂದು ಚಿಕ್ಕದು ಉಳಿದಿದ್ದರೂ ಇಡೀ ಪೆಟ್ಟಿಗೆ ಅದರ ಅಳತೆಗೇ ಕುಗ್ಗಿ ಕೂತಿರುತ್ತದೆ. ಆ ಕೊನೆಯದು ಹೋದ ಮೇಲಷ್ಟೇ ಜಾಗ ಬೆಳೆಯುವುದು.

"ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿ ಮುಗಿಸ್ಬಿಡ್ರೀ," ಎಂದರು ಮ್ಯಾನೇಜರು. ಅವರದು ಯಾವಾಗಲೂ ಬಸ್ಸು ಹೊರಟುಬಿಟ್ಟಿತೆಂಬ ಅವಸರ.

"ಆಮೇಲೆ ಯಾರು ಯಾರಿಗೆ ಹೇಳ್ಕೊಡ್ಬೇಕು ಸಾರ್?" ಎಂದರು ರಾಯರು.

ಮೊದಲ ಡಿಸ್ಕು ಹೊರಬಂದ ಮಧ್ಯಾಹ್ನ ನಾನು ಅವರ ಪಕ್ಕದಲ್ಲೇ ಇದ್ದೆ. ಖಾನೆಯೊಂದು ಹಲ್ಲು ಬಿದ್ದ ವಸಡಿನಂತೆ ಬಾಯಿ ಬಿಟ್ಟುಕೊಂಡಿತ್ತು. ರಾಯರು ಹೊಸದನ್ನು ಕೂಡಲೇ ಹಾಕದೆ, ನನ್ನ ಮುಂದಿನ ಪರದೆಯತ್ತ ಕೈ ತೋರಿಸಿ, ಯಾವುದಾದರೂ ಪುಟ ತೆಗೆದು ನೋಡಿ ಎಂದರು. ತೆಗೆದೆ. ಹಳೆಯ ಪುಸ್ತಕವೊಂದರ ಆರಂಭದಲ್ಲಿ ಅಚ್ಚಾಗಿದ್ದ ಯಾರೋ ಹೆಂಗಸಿನ ಭಾವಚಿತ್ರ. ಕಣ್ಣು, ಕಿವಿಯ ಮೇಲೆ ಇಳಿದ ಕೂದಲು, ಸ್ವಲ್ಪ ಮುನಿಸು ತೋರುವ ತುಟಿ, ಎಲ್ಲ ಇದ್ದ ಹಾಗೇ ಇತ್ತು.

"ಇದರ ನಾಲ್ಕನೇ ಒಂದು ಭಾಗ ಈಗ ಪೆಟ್ಟಿಗೇಲಿ ಇಲ್ಲ," ಎಂದರು ಅವರು, ಹೊರಗಿದ್ದ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತುತ್ತ. "ಇಲ್ಲದೋರ ಮಾತನ್ನ ಉಳಿದೋರು ಹೇಳ್ತಿದಾರೆ. ಎಲ್ಲಿ ಅಂತ ಹುಡುಕಿ ನೋಡಿ. ಗೊತ್ತಾಗಲ್ಲ."

ನಾನು ಹುಡುಕಿದೆ. ಎಡಗಣ್ಣೋ, ತುಟಿಯ ಅಂಚೋ, ಯಾವುದು ನಿಜವಾಗಿ ಇರುವುದು ಯಾವುದು ಇರಬಹುದೆಂದು ಊಹಿಸಿದ್ದು ಎಂದು ನೋಡುತ್ತ ಕೂತಷ್ಟೂ ಆ ಮುಖ ನನ್ನನ್ನೇ ನೋಡತೊಡಗಿದಂತಾಗಿ, ಪರದೆಯನ್ನು ಮುಚ್ಚಿಬಿಟ್ಟೆ. ರಾಯರು ಹೊಸ ಡಿಸ್ಕನ್ನು ಖಾನೆಗೆ ತಳ್ಳಿ, ಕುರ್ಚಿ ಎಳೆದುಕೊಂಡು ಅದರ ಎದುರು ಕೂತರು. ಯಾರು ಬಂದು ಏನು ಕೇಳಿದರೂ "ಇನ್ನೂ ಹೇಳ್ಕೊಡ್ತಾ ಇದಾವೆ" ಎಂದಷ್ಟೇ ಪಿಸುದನಿಯ ಉತ್ತರ. ಆ ವಾರವೆಲ್ಲ ಅವರ ಪಕ್ಕ ಕೂತು ಕೂತು, ಮಾತಿಗೆ ಮುಂಚೆ ಅವರು ಗಂಟಲು ಸರಿಮಾಡಿಕೊಳ್ಳುವ ರೀತಿ, ಬಲಗೈ ಹೆಬ್ಬೆರಳಿನಿಂದ ಮಿಕ್ಕ ಬೆರಳುಗಳನ್ನು ಸರದಿಯಂತೆ ಮುಟ್ಟಿ ನೋಡಿಕೊಳ್ಳುವ ಚಾಳಿ, ಎಲ್ಲ ನನಗೆ ಬಾಯಿಪಾಠವಾಯಿತು. ನಾಲ್ಕನೆಯ ದೀಪವೂ ಹಸಿರಾಗಿ, ಪೆಟ್ಟಿಗೆಯ ಜಾಗ ಒಮ್ಮೆಲೇ ದುಪ್ಪಟ್ಟಾದ ಸಂಜೆ, ಅವರು ಕೋಟು ಹಾಕಿಕೊಳ್ಳುತ್ತ (ಒಂದು ತೋಳು, ವಿರಾಮ, ಇನ್ನೊಂದು ತೋಳು) ನನ್ನತ್ತ ತಿರುಗಿ, "ಒಂದ್ಸಲ ಮನೆಗೆ ಬನ್ನಿ ಸಾರ್, ಅಮ್ಮನಿಗೆ ಖುಷಿಯಾಗುತ್ತೆ" ಎಂದರು.

ಹೋದೆ. ಮೂರನೆಯ ಮಹಡಿಯ, ಗಾಳಿಬೆಳಕು ಚೆನ್ನಾಗಿದ್ದ ಮನೆ. ಕಿಟಕಿಯ ಪಕ್ಕದ ಊಟದ ಮೇಜಿನ ತಲೆಯಲ್ಲಿ ಅವರ ತಾಯಿ ಕೂತಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಾಕೆ. ಒಂದು ಕಾಲಕ್ಕೆ ಊರಿನ ಬಾಗಿಲುಗಳೆಲ್ಲ ನಾಲಗೆಯ ತುದಿಯಲ್ಲಿದ್ದವಂತೆ. ಈಗ ಮರೆವು ಅವರನ್ನು ಅಂಚಿನಿಂದ ತಿನ್ನುತ್ತ ಬಂದಿತ್ತು. ಮೇಜಿನ ಸುತ್ತ ಮೂರು ಕುರ್ಚಿ: ಒಂದರಲ್ಲಿ ಬೂದು ಶಾಲು ಹೊದ್ದ ಅಕ್ಕ, ಒಂದರಲ್ಲಿ ತಮ್ಮ, ಇನ್ನೊಂದು ರಾಯರದು. ನಾನು ಗೋಡೆಯ ಬದಿಯ ಬೆತ್ತದ ಸ್ಟೂಲಿನ ಮೇಲೆ ಕೂತು ಚಹಾ ಕುಡಿದೆ.

ಬಹಳ ದಿನಗಳ ಮೇಲೆ ಒಂದು ತುಂಬಿದ ಮನೆಯಲ್ಲಿ ಕೂತ ಸುಖ ಅಂದು ನನಗೆ ಸಿಕ್ಕಿತು. ಚಿಕ್ಕಂದಿನಲ್ಲಿ ಅಮ್ಮನ ಅಂಚೆ ಚೀಲದಲ್ಲಿ ಬೆಕ್ಕಿನ ಮರಿ ಬಚ್ಚಿಟ್ಟ ಕತೆಯನ್ನು ಅಕ್ಕ ಹೇಳಿದರು. ಮರಿ ತಂದದ್ದು ತಾನು, ಅಕ್ಕ ಬರೀ ಚೀಲದ ಬಾಯಿ ಕಟ್ಟಿದ್ದು ಎಂದು ತಮ್ಮ ಜಗಳಕ್ಕೆ ಬಿದ್ದರು. "ಸುಳ್ಳು ಹೇಳ್ಬೇಡ ಕಣೋ, ಅವತ್ತು ನೀನು ಜ್ವರ ಬಂದು ಮಲಗಿದ್ದೆ," ಎಂದು ಅಕ್ಕ ಗದರಿದರು. ಅಮ್ಮ ನಗುತ್ತ ತುತ್ತಿನ ಮೇಲೆ ತುತ್ತು ತಿನ್ನುತ್ತಿದ್ದರು. ರಾಯರು ಮಾತ್ರ ಲೋಟದೊಳಗೆ ನೋಡುತ್ತ ಕೂತಿದ್ದರು. ಕತೆ ಎಲ್ಲಾದರೂ ದಾರಿ ಬಿಟ್ಟು ಬೆಳೆಯತೊಡಗಿದರೆ ಗಂಟಲು ಸರಿಮಾಡಿಕೊಂಡು "ಅಷ್ಟೇ ಅಕ್ಕ" ಎನ್ನುವರು, ಕತೆ ಅಲ್ಲಿಗೇ ನಿಂತುಹೋಗುವುದು.

ನನ್ನನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಬಂದಾಗ, ನಿಮ್ಮ ಅಕ್ಕ ಒಳ್ಳೆ ಮಾತುಗಾರ್ತಿ ಎಂದೆ.

"ಅಕ್ಕ ತೀರ್ಕೊಂಡು ನಾಲ್ಕು ವರ್ಷ ಆಯ್ತು ಸಾರ್," ಎಂದರು ಅವರು.

ಒಳಗಿನಿಂದ ಆ ಹೆಂಗಸಿನ ನಗು ಇನ್ನೂ ಕೇಳುತ್ತಿತ್ತು. ನಾನು ತಿರುಗಿ ಬಾಗಿಲತ್ತ ನೋಡಿದೆ.

ನಡೆದದ್ದನ್ನು ಅವರು ಅದೇ ತಗ್ಗಿದ ದನಿಯಲ್ಲಿ ಹೇಳಿದರು. ಅಕ್ಕ ಹೋದ ಮೇಲೆ ಖಾಲಿ ಕುರ್ಚಿ ನೋಡಿ ಅಮ್ಮ ಊಟ ಬಿಟ್ಟರು. ಸತ್ತಳೆಂದು ಹೇಳಿದರೆ ಅತ್ತು, ಅತ್ತದ್ದನ್ನು ಮರೆತು, ಮತ್ತೆ ಪ್ರತಿ ಬಾಗಿಲ ಹಿಂದೆಯೂ ಅವಳನ್ನು ಹುಡುಕುತ್ತಿದ್ದರು. ಹುಡುಕುತ್ತಲೇ ಬಿದ್ದು, ಉಳಿದದ್ದೇ ಹೆಚ್ಚು. ಆಗ ಆಸ್ಪತ್ರೆಯಲ್ಲಿ ಅಕ್ಕನ ಆರೈಕೆ ಮಾಡಿದ್ದ ದಾದಿಯನ್ನು ಮನೆಗೆ ಕರೆತಂದು, ಅಕ್ಕನ ಶಾಲು ಹೊದಿಸಿ ಆ ಕುರ್ಚಿಯಲ್ಲಿ ಕೂರಿಸಿದರು. ಅಕ್ಕ ಏನು ಹೇಳುತ್ತಿದ್ದಳು, ಹೇಗೆ ಗದರುತ್ತಿದ್ದಳು ಎಂಬುದನ್ನೆಲ್ಲ ಅಣ್ಣ ತಮ್ಮ ಸೇರಿ ಹೇಳಿಕೊಟ್ಟರು. ಅಮ್ಮ ಊಟಕ್ಕೆ ಬಂದರು. ಆದರೆ ತಮ್ಮನಿಗೆ ಇದನ್ನು ನೋಡಲಾಗಲಿಲ್ಲ. ಇದು ಮನೆಯಲ್ಲ, ನಿನ್ನ ಪೆಟ್ಟಿಗೆ ಎಂದು ಹೇಳಿ ಹೊರಟವನು ಮತ್ತೆ ಬರಲಿಲ್ಲ. ಅವನ ಜಾಗಕ್ಕೆ ಕೆಳಮನೆಯ ಒಂಟಿ ದರ್ಜಿ ಬಂದ.

"ಅವರಿಗೆ ಯಾರು ಹೇಳ್ಕೊಟ್ರು?" ಎಂದೆ.

"ನಾನು, ಅಕ್ಕ," ಎಂದರು. ಹೆಬ್ಬೆರಳಿನಿಂದ ಬೆರಳು ಮುಟ್ಟಿಕೊಳ್ಳುತ್ತ, "ಅಕ್ಕನೇ ಜಾಸ್ತಿ ಹೇಳ್ಕೊಟ್ಟಿದ್ದು," ಎಂದರು.

ಮೋಸವೆಂದರೆ ಮೋಸ. ಆದರೆ ಆ ಮೋಸದಲ್ಲಿ ಒಬ್ಬ ಮುದುಕಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು ಎಂಬುದನ್ನು ಕಣ್ಣಾರೆ ಕಂಡಿದ್ದ ನಾನು ಅವರಿಗೆ ಕೈಮುಗಿದು ಇಳಿದುಬಂದೆ. ಆಮೇಲೂ ಆಗಾಗ ಹೋದೆ. ಒಂದು ಸಲ ಅಮ್ಮ ನಿದ್ದೆಹೋಗಿದ್ದರು. ಇನ್ನು ವೇಷ ಕಳಚುವುದು ಸಹಜ ಎಂದುಕೊಂಡರೆ, ಒಳಗೆ ಅಡುಗೆಮನೆಯಲ್ಲಿ ದಾದಿ ಪಾತ್ರೆ ಒರೆಸುತ್ತ ಕಣ್ಣೊರೆಸುತ್ತ, ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ದರ್ಜಿಗೆ ಹೇಳುತ್ತಿದ್ದಳು. ಆ ಅಪ್ಪನನ್ನು ಇಬ್ಬರೂ ಕಂಡವರಲ್ಲ. ಅವಳ ಬೆನ್ನಿಗೆ ಕೈಯಿಟ್ಟು ಸಮಾಧಾನ ಹೇಳುತ್ತಿದ್ದ ದರ್ಜಿ ನನ್ನನ್ನು ನೋಡಿ, ಮನೆಯವರ ನಡುವೆ ಬಂದ ಹೊರಗಿನವನನ್ನು ನೋಡುವ ಹಾಗೆ ನೋಡಿದ.

ಹೀಗಿರುವಾಗ ರಾಯರಿಗೆ ಹೊಟ್ಟೆಯಲ್ಲಿ ಏನೋ ಬೆಳೆದು, ಕೊಯ್ಯಲೇಬೇಕೆಂದು ಡಾಕ್ಟರು ಹೇಳಿದರು. ಒಂದಷ್ಟು ವಾರ ಆಸ್ಪತ್ರೆವಾಸ ಖಚಿತ. ಅವರು ಕಚೇರಿಗೆ ಬಂದು, ನನ್ನ ಮೇಜಿನ ಮುಂದೆ ನಿಂತು, ಕೋಟು ಬಿಚ್ಚಿ, ಮಡಿಸಿ, ನನ್ನ ಮುಂದಿಟ್ಟರು. ಕೋಟಿಲ್ಲದ ಅವರನ್ನು ಸರಿಯಾಗಿ ಗಮನಿಸಿದ್ದು ಅಂದೇ. ತೀರ ಸಣಕಲು ಆಳು.

"ಎತ್ತರ ಒಂದೇ ಇದೆ. ಗಂಟಲೂ ಹೊಂದುತ್ತೆ. ನನ್ನ ರೀತಿ ನೀತಿ ನೋಡಿದೀರಿ," ಎಂದರು. "ಸಂಜೆ ಊಟದ ಹೊತ್ತಿಗೆ ಬಂದು ಕೂತ್ರೆ ಸಾಕು. ಕುರ್ಚಿ ಖಾಲಿ ಕಂಡ್ರೆ ಅಮ್ಮ ಊಟ ಬಿಡ್ತಾರೆ ಸಾರ್. ಈ ವಯಸ್ಸಲ್ಲಿ ಇನ್ನೊಂದ್ಸಲ ಬಿಟ್ರೆ ಉಳಿಯಲ್ಲ."

ನಾನು ಆಗದು ಎನ್ನಬಹುದಿತ್ತು. ಕುತೂಹಲವೋ ಕನಿಕರವೋ, ಎರಡೂ ಕಲಸಿಹೋಗಿದ್ದ ಯಾವುದೋ ಒಂದು ನನ್ನ ಕೈಯನ್ನು ಆ ಕೋಟಿನ ಮೇಲೆ ಇಡಿಸಿತು.

ಮೊದಲ ಸಂಜೆ ಕೋಟು ಹಾಕಿಕೊಂಡು ಆ ಕುರ್ಚಿಯ ಬಳಿ ನಿಂತೆ. ಅಮ್ಮ ನನ್ನನ್ನು ಕತ್ತೆತ್ತಿ ನೋಡಿದರು, ಬಹಳ ಹೊತ್ತು. "ಯಾಕೋ ಮರೀ ಇಷ್ಟು ತಡ? ಕೂತ್ಕೋ, ಆರಿಹೋಗುತ್ತೆ," ಎಂದರು. ನನ್ನ ಸ್ವಂತ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಏಕವಚನವನ್ನು ಮತ್ತೆ ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ. ಗಂಟಲು ಸರಿಮಾಡಿಕೊಂಡೆ, ಥೇಟು ರಾಯರ ಹಾಗೆ. ಮೇಜಿನ ಆಚೆಯಿಂದ ದಾದಿ, ದರ್ಜಿ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ದಿನಾ ಊಟಕ್ಕೆ ಮುಂಚೆ ಮೆಟ್ಟಿಲ ಮೇಲೆ ಅವರಿಬ್ಬರೂ ನನಗೆ ಹೇಳಿಕೊಡುವರು: ಯಾವ ಪಲ್ಯ ತಳ್ಳಬೇಕು, ಯಾವ ಮಾತಿಗೆ ಮುನಿಯಬೇಕು, ಯಾವ ಸೈಕಲ್ಲಿನಿಂದ ಬಿದ್ದು ಯಾವ ಮೊಣಕಾಲು ಒಡೆದದ್ದು. ಕಲಿತೆ. ಆದರೆ ನಾನು ಎಣಿಸದೇ ಇದ್ದದ್ದು ಅಮ್ಮನಲ್ಲಿ ಆದ ಬದಲಾವಣೆ. ಒಂದೊಂದೇ ರಾಯರು ಆ ಕುರ್ಚಿಯಲ್ಲಿದ್ದಾಗ ಪ್ರತಿ ಕತೆಯೂ ಅವರಿಗೆ ಗೊತ್ತಿದ್ದಷ್ಟಕ್ಕೆ ನಿಲ್ಲಬೇಕಾಗಿತ್ತು. ನಿಜ ಬಲ್ಲವರು ಆ ಮೇಜಿನಲ್ಲಿ ಅವರೊಬ್ಬರೇ. ಈಗ ತಡೆಯುವವರಿರಲಿಲ್ಲ. ಬೆಕ್ಕಿನ ಮರಿಗಳು ಮೂರಾದವು, ಅಪ್ಪ ಅವಕ್ಕೆ ಹಾಲು ಹಾಕಿದ, ಯಾರೂ ಎಂದೂ ನೋಡಿರದ ಒಬ್ಬ ಚಿಕ್ಕಮ್ಮ ಬೇಸಿಗೆಗೆಲ್ಲ ಬಂದು ಇರತೊಡಗಿದಳು. ಅಮ್ಮ ಅರಳಿದರು. ಎರಡನೆಯ ಸಲ ಬಡಿಸಿಕೊಂಡರು. ಮನೆಗೆ ಬರುತ್ತಿದ್ದ ಡಾಕ್ಟರು, ಇಷ್ಟೊಂದು ನೆನಪು ಈ ವಯಸ್ಸಿನಲ್ಲಿ ವಾಪಸು ಬರುವುದನ್ನು ತಾವು ಕಂಡಿಲ್ಲ ಎಂದು ಬೆರಗಾದರು.

ಒಂದು ಸಂಜೆ ಅಮ್ಮ ಇದ್ದಕ್ಕಿದ್ದ ಹಾಗೆ, "ಆ ನೀಲಿ ಬಾಗಿಲಿನವರಿಗೆ ಕಾಗದ ಕೊಟ್ಟು ಬಂದ್ಯಾ?" ಎಂದು ಕೇಳಿದರು.

"ಕೊಟ್ಟೆ ಅಮ್ಮ. ನಾಯಿ ಕಟ್ಟಿರ್ಲಿಲ್ಲ, ಕಿಟಕಿಯಿಂದ ಹಾಕಿ ಬಂದೆ," ಎಂದೆ ನಾನು.

"ಜಾಣ," ಎಂದು ಅಮ್ಮ ತುತ್ತು ಎತ್ತಿದರು. ದಾದಿ ಲೋಟ ಕೆಳಗಿಟ್ಟಳು. ಹೊರಡುವಾಗ ಬಾಗಿಲಲ್ಲಿ ನನ್ನನ್ನು ತಡೆದು, "ನಾಯಿ ವಿಷಯ ನಾವು ನಿಮಗೆ ಹೇಳಿರ್ಲಿಲ್ಲ," ಎಂದಳು. "ನಿಜವಾಗ್ಲೂ ಆಗಿದ್ದು ಹಾಗೇನೇ." ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ನಂಟಸ್ತಿಕೆ ಇತ್ತು. ಹೆದರಿದ್ದು ನಾನು. ಅಷ್ಟಕ್ಕೂ ನಿಜವಾಗಿ ಆದದ್ದು ಏನೆಂದು ಅವಳಿಗೆ ತಾನೆ ಹೇಗೆ ಗೊತ್ತು?

"ಇದೇನ್ರೀ ಹೊಸ ಅವತಾರ?" ಎಂದಳು ನನ್ನ ಹೆಂಡತಿ ಒಂದು ದಿನ. ನಾನು ನಮ್ಮ ಮನೆಯ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಬೂಟು ಹಾಕಿಕೊಂಡು ಕಣ್ಣು ಮುಚ್ಚಿ ನಿಂತಿದ್ದೆ.

ಒಂದೊಂದೇ ರಾಯರು ಗುಣವಾಗಿ ಬಂದದ್ದು ಒಂದು ಸಂಜೆ ಊಟದ ಹೊತ್ತಿಗೇ. ಬರುವ ದಿನವನ್ನು ಅವರು ತಿಳಿಸಿರಲಿಲ್ಲ. ಮನೆಗೆ ಬರುವವನು ತಿಳಿಸಿ ಬರುವುದುಂಟೇ. ಇಳಿದುಹೋಗಿದ್ದರು, ಆದರೆ ಮುಖ ಅದೇ, ನಿಲುವು ಅದೇ. ಹೊಸ್ತಿಲಲ್ಲಿ ನಿಂತು "ಅಮ್ಮಾ" ಎಂದರು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಅಮ್ಮ ಕತ್ತು ತಿರುಗಿಸಿದರು. ಸೀರೆಯ ಸೆರಗು ಸರಿಮಾಡಿಕೊಂಡರು, ಪರರೆದುರು ಮಾಡುವಂತೆ. "ಬನ್ನಿ," ಎಂದರು. "ಯಾರು ಬೇಕಾಗಿತ್ತು ನಿಮಗೆ?"

ನೀನು ಎಂದಿದ್ದರೆ ಮರೆವೆನ್ನಬಹುದಿತ್ತು, ಬೈದಿದ್ದರೂ ಸರಿಯೇ. ಹೆತ್ತ ತಾಯಿ ಮಗನಿಗೆ ತೋರಿಸಿದ ಆ ಮರ್ಯಾದೆಯ ಬಹುವಚನದಷ್ಟು ತಣ್ಣಗಿನ ಮಾತನ್ನು ನಾನು ಇನ್ನೊಂದು ಕೇಳಿಲ್ಲ. ರಾಯರ ಹೆಬ್ಬೆರಳು ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ ಕಿರುಬೆರಳಲ್ಲಿ ನಿಂತಿತು. "ಆಮೇಲೆ ಬರ್ತೀನಿ ಅಮ್ಮ," ಎಂದು ಹೊರಗೆ ಸರಿದರು. "ಯಾರೋ ಪಾಪ, ಬಳಲಿದಾರೆ," ಎಂದು ಅಮ್ಮ ನನ್ನ ತಟ್ಟೆಗೆ ಬಡಿಸಿದರು.

ಮೆಟ್ಟಿಲ ಮೇಲೆ ಅವರು ಕೂತಿದ್ದರು. ಕೋಟನ್ನು ಬಿಚ್ಚಿ ಅವರ ಮಡಿಲಿಗೆ ಇಟ್ಟು, ಇನ್ನು ನಾನು ಬರುವುದಿಲ್ಲ, ನೀವು ಕೂತರೆ ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದೆ. ನನ್ನ ದನಿ ನನಗೇ ಅವರ ದನಿಯಂತೆ ಕೇಳಿತು.

"ಇಲ್ಲ ಸಾರ್. ಕಸುಬಿನೋನು ನಾನು, ನನಗೇ ಹೊಳೀಲಿಲ್ಲ ನೋಡಿ," ಎಂದರು. "ಹೊರಗೆ ತೆಗೆದ ಡಿಸ್ಕನ್ನ ಮತ್ತೆ ತಂದು ಹಾಕಿದ್ರೆ ಪೆಟ್ಟಿಗೆ ತಗೊಳಲ್ಲ. ಅದರಲ್ಲಿ ಬರೆದಿರೋದೆಲ್ಲ ಸರಿಯಾಗೇ ಇರುತ್ತೆ. ಆದ್ರೂ ಪರಕೀಯ ಅಂತ ತೋರಿಸುತ್ತೆ."

"ಹಾಗಾದ್ರೆ ಏನ್ ಮಾಡ್ತೀರಿ?"

"ಇರೋದನ್ನೆಲ್ಲ ಅಳಿಸಿ, ಖಾಲಿ ಮಾಡಿ ಕೊಟ್ರೆ, ಹೊಸದು ಅಂತ ತಗೊಳುತ್ತೆ." ಒಳಗಿನಿಂದ ಅಮ್ಮನ ನಗು ಕೇಳಿತು. ಅವರು ಅದನ್ನು ತಲೆ ಬಗ್ಗಿಸಿ ಕೇಳಿಸಿಕೊಂಡರು. "ಎರಡನೇ ಸಲ ಬಡಿಸ್ಕೋತಾರಂತೆ. ನಾನಿದ್ದಾಗ ಅರ್ಧ ಬಿಡ್ತಿದ್ರು. ಆ ಚಿಕ್ಕ ಡಿಸ್ಕು ನಾನೇ ಆಗಿದ್ದೆ ಸಾರ್, ಇಷ್ಟು ದಿನ." ಕೋಟನ್ನು ಎತ್ತಿ ನನ್ನ ಹೆಗಲಿಗೆ ಹಾಕಿದರು. "ನೀವು ಆ ಕುರ್ಚಿ ಬಿಟ್ಟು ಏಳ್ಬೇಡಿ. ಹೋಗಿ ಕೂತ್ಕೊಳ್ಳಿ."

ಅವರು ಅಳಲಿಲ್ಲ. ನಾನು ಅತ್ತೆ, ಅವರ ಪರವಾಗಿ ಅತ್ತೆನೋ ಅವರೇ ಆಗಿ ಅತ್ತೆನೋ ಇಂದಿಗೂ ಬಿಡಿಸಿ ಹೇಳಲಾರೆ.

ಮರುವಾರದಿಂದ ಅವರು ಅಮ್ಮನ ಕಾಲು ನೀವಲು ಬರುವವರಾಗಿ ಆ ಮನೆಗೆ ಬರತೊಡಗಿದರು. ನಾನು ಹಿಂದೆ ಕೂತಿದ್ದ ಗೋಡೆ ಬದಿಯ ಸ್ಟೂಲೇ ಅವರ ಜಾಗ. ಎಣ್ಣೆ ಹಚ್ಚುತ್ತ, ಅಮ್ಮ ಹೇಳುವ ಕತೆಗಳಿಗೆಲ್ಲ "ಹೌದಾ ಅಮ್ಮ? ಆಮೇಲೆ?" ಎನ್ನುವರು, ಮೊದಲ ಸಲ ಕೇಳುವವರ ಹಾಗೆ. ಮೊದಮೊದಲು ಅದು ನಟನೆಯೆಂದು ನನಗೆ ಗೊತ್ತಾಗುತ್ತಿತ್ತು. ಬರುಬರುತ್ತ ಗೊತ್ತಾಗದಾಯಿತು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡ ಕತೆಯನ್ನು ಅಮ್ಮ ನನ್ನತ್ತ ಕೈತೋರಿಸಿ ಹೇಳಿದ ದಿನ, ಅವರು ತಮ್ಮ ಮೊಣಕಾಲನ್ನು ಮುಟ್ಟಿಕೊಳ್ಳಲೂ ಇಲ್ಲ. ನನ್ನ ಮೊಣಕಾಲನ್ನು ನೋಡಿ ಅಯ್ಯೋ ಎಂದರು.

ಮೊನ್ನೆ ಅಮ್ಮ ಅವರನ್ನು ಕೇಳಿದರು, "ನಿಮ್ಮ ತಾಯಿ ಇದಾರೇನಪ್ಪ?"

"ಇದಾರೆ ಅಮ್ಮ."

"ಚೆನ್ನಾಗಿ ಊಟ ಮಾಡ್ತಾರಾ?"

"ಮಾಡ್ತಾರೆ," ಎಂದರು ಒಂದೊಂದೇ ರಾಯರು, ಅಮ್ಮನ ಎಡಗಾಲನ್ನು ಕೆಳಗಿಳಿಸಿ ಬಲಗಾಲನ್ನು ಎತ್ತಿಕೊಳ್ಳುತ್ತ. "ಈಗೀಗ ಚೆನ್ನಾಗಿ ಮಾಡ್ತಾರೆ."

ಕಾದಿಡುವುದನ್ನೇ ಬಾಳಾಗಿಸಿಕೊಂಡ ಇಂಥ ಜನರನ್ನು ನಾವು ಅವರು ಉಳಿಸಿದ್ದರ ಹೆಸರಿನಲ್ಲಿ ಹೊಗಳುತ್ತೇವೆ, ಉಳಿದದ್ದರೊಳಗೆ ಅವರಿಗೊಂದು ಮೂಲೆ ಇದೆಯೇ ಎಂದು ಕೇಳುವುದಿಲ್ಲ. ಅವರೂ ಕೇಳುವುದಿಲ್ಲ. ತಮ್ಮ ಪ್ರೀತಿಯ ವಸ್ತು ಬೆಳೆಯಲು ತಾವೇ ಅಡ್ಡವೆಂದು ತಿಳಿದ ಕ್ಷಣ, ಜಗಳವಿಲ್ಲದೆ, ಬೀಗದ ಕೈ ಒಪ್ಪಿಸುವಷ್ಟು ಸರಾಗವಾಗಿ ತಮ್ಮನ್ನೇ ಅಳಿಸಿ ಕೊಟ್ಟುಬಿಡುತ್ತಾರೆ. ಅದನ್ನು ತ್ಯಾಗವೆನ್ನಲು ನನಗೆ ಬಾಯಿ ಬರುವುದಿಲ್ಲ, ತ್ಯಾಗದ ಹೆಸರಿನಲ್ಲಿ ಇಷ್ಟು ಚಳಿ ಇರಬಾರದು. ಇಂಥವರು ನೋಡಿಕೊಳ್ಳುವ ಮನೆಗಳಲ್ಲಿ ಎಲ್ಲವೂ ಭದ್ರವಾಗಿರುತ್ತದೆ, ಯಾರು ಯಾರೆಂಬುದೊಂದನ್ನು ಬಿಟ್ಟು.